ಸತ್ತ ಆಂಪ್ಲಿಫೈಯರ್ ಮತ್ತು 21 ವ್ಯಾಟ್‌ನ ಬಲ್ಬು

ಆಷಾಢದ ಮಳೆ ಹಿಡಿದು ಹತ್ತು ಹನ್ನೆರಡು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಭಾವ ಸಾಗರದಿಂದ ಕಾರು ತಂದು ನಮ್ಮ ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸಿದರು. ಕೊಡೆ ಕೊಡವುತ್ತ ಜಗಲಿಗೆ ಬಂದವರೇ, "ಹಾಡು ನಿಂತುಹೋಗಿದೆ ಮಾರಾಯ, ಒಂದು ಸಲ ನೋಡು" ಎಂದರು.

ಅವರ ಕಾರಿನಲ್ಲಿ ಮುಂದಿನ ಬಾಗಿಲುಗಳ ಸ್ಪೀಕರುಗಳೂ ಡಿಕ್ಕಿಯ ಸಬ್‌ವೂಫರೂ ನಡೆಯುವುದು, ಸ್ಟೀರಿಯೊದ ಸದ್ದಿಗೆ ಬಲ ತುಂಬುವ, ನಾಲ್ಕು ಚಾನೆಲ್‌ನ ಒಂದೇ ಆಂಪ್ಲಿಫೈಯರ್‌ನಿಂದ. ಸ್ಟೀರಿಯೊದಲ್ಲಿ ಬೆಳಕಿದೆ, ಗಂಟೆ ತೋರಿಸುತ್ತದೆ, ಸ್ಟೇಷನ್ ಬದಲಾಗುತ್ತದೆ. ಸ್ಪೀಕರುಗಳಲ್ಲಿ ಮಾತ್ರ ಉಸಿರಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದ್ದರಂತೆ. ಅಲ್ಲಿಯವರು ಡಿಕ್ಕಿ ತೆರೆದು, ಇಣುಕಿ, "ಬೋರ್ಡ್ ಹೋಗಿದೆ, ಹೊಸದು ಹಾಕಿಸಿ" ಎಂದು ಬೆಲೆಯನ್ನೂ ಹೇಳಿಬಿಟ್ಟಿದ್ದರು. ಇಣುಕಿ ನೋಡಿ ಬೋರ್ಡ್ ಹೋಗಿದೆ ಎನ್ನುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಆದರೆ ಆ ದಿನ ಮಧ್ಯಾಹ್ನದವರೆಗೆ ನಾನು ಮಾಡಿದ್ದೂ ಅದಕ್ಕಿಂತ ಬಹಳ ಜಾಣತನದ್ದೇನಲ್ಲ.

ಮೊದಲ ಭಾನುವಾರ, ಬೆಳಿಗ್ಗೆ

ಈ ಪೆಟ್ಟಿಗೆಗೆ ಜೀವ ಬರಲು ಬೇಕಾದದ್ದು ಮೂರೇ ತಂತಿ. ಬ್ಯಾಟರಿಯಿಂದ ನೇರ ಬರುವ ದಪ್ಪ ಕೆಂಪು ತಂತಿ, ಕಾರಿನ ಮೈಗೆ ಬಿಗಿದ ಕಪ್ಪು ಅರ್ತ್ ತಂತಿ, ಸ್ಟೀರಿಯೊದಿಂದ ಬರುವ ಸಣ್ಣ ರಿಮೋಟ್ ತಂತಿ. ಮೂರನೆಯದು ಸಾಮಾನ್ಯವಾಗಿ ನೀಲಿಯ ಮೇಲೆ ಬಿಳಿ ಗೆರೆಯದು. ಸ್ಟೀರಿಯೊ ಹಚ್ಚಿದಾಗ ಅದರಲ್ಲಿ 12 ವೋಲ್ಟ್ ಬರುತ್ತದೆ, ಆಗ ಆಂಪ್ಲಿಫೈಯರ್ ಎಚ್ಚರಗೊಳ್ಳುತ್ತದೆ. ಬರೀ ನೀಲಿ ತಂತಿ ಆಂಟೆನಾದ್ದು. ಕೆಲವು ಸೆಟ್‌ಗಳಲ್ಲಿ ಅದು ರೇಡಿಯೊ ಹಾಕಿದಾಗ ಮಾತ್ರ ಜೀವಂತ. ಇವೆರಡನ್ನು ಅದಲುಬದಲು ಮಾಡಿ, "ರೇಡಿಯೊ ಬರುತ್ತದೆ, ಪೆನ್‌ಡ್ರೈವ್ ಹಾಕಿದರೆ ಬರುವುದಿಲ್ಲ" ಎಂದು ತಲೆ ಕೆರೆದುಕೊಂಡವರನ್ನು ನಾನೇ ನೋಡಿದ್ದೇನೆ.

ಭಾವನ ಆಂಪ್ಲಿಫೈಯರ್‌ನಲ್ಲಿ ಒಂದು ಪುಟ್ಟ ದೀಪವಿದೆ. ಹಸಿರಾದರೆ ಸರಿ, ಕೆಂಪಾದರೆ ಅದು ತನ್ನನ್ನು ತಾನೇ ಕಾಪಾಡಿಕೊಳ್ಳಲು ಬಾಗಿಲು ಹಾಕಿಕೊಂಡಿದೆ ಎಂದರ್ಥ. ಕೆಂಪಾಗಿದ್ದರೆ ಸ್ಪೀಕರ್ ತಂತಿ ಮೈಗೆ ತಾಗಿದೆಯೇ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿದೆಯೇ ಎಂದು ಹುಡುಕಬೇಕು. ಇಲ್ಲಿ ಯಾವ ಬಣ್ಣವೂ ಇಲ್ಲ. ಹಾಗಾದರೆ ಹುಡುಕಬೇಕಾದದ್ದು ಕರೆಂಟು ಬರುವ ದಾರಿಯನ್ನು.

ಡಿಕ್ಕಿಯ ಹಲಗೆಯ ಹಿಂದೆ ಟರ್ಮಿನಲ್‌ಗಳಿಗೆ ಮೀಟರಿನ ಕಡ್ಡಿ ಹೋಗುವಷ್ಟು ಜಾಗವಿರಲಿಲ್ಲ. ಹಾಗಾಗಿ ತಂತಿಗಳನ್ನು ಬಿಚ್ಚಿ ಈಚೆಗೆ ಎಳೆದು, ತುದಿಗಳನ್ನು ಅಳೆದೆ. ಕೆಂಪಿನಿಂದ ಕಪ್ಪಿಗೆ 12.4 ವೋಲ್ಟ್. ಸ್ಟೀರಿಯೊ ಹಚ್ಚಿ ರಿಮೋಟ್ ತಂತಿಯನ್ನು ನೋಡಿದರೆ 12.1. ಆಂಪ್ಲಿಫೈಯರ್‌ನ ಬದಿಯಲ್ಲಿರುವ 20 ಆಂಪಿಯರ್‌ನ ಎರಡು ಹಳದಿ ಫ್ಯೂಸುಗಳೂ ನೆಟ್ಟಗಿದ್ದವು. ಮೂರೂ ತಂತಿ ಸರಿಯಿದ್ದ ಮೇಲೆ ಪೆಟ್ಟಿಗೆಯೇ ಸತ್ತಿದೆ ಎಂದುಕೊಂಡೆ. "ಅಂಗಡಿಯವರು ಹೇಳಿದ್ದೇ ಸರಿ ಕಾಣುತ್ತದೆ" ಎಂದು ಭಾವನಿಗೂ ಹೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು.

ಒಳಗಿನ ಕೋಣೆಯ ಮೇಜಿನ ಮೇಲೆ ಹಳೆಯ ಯುಪಿಎಸ್‌ನ 7 ಆಂಪಿಯರ್ ಅವರ್ ಬ್ಯಾಟರಿ ಇದೆ. ಬಿಚ್ಚಿ ನೋಡುವ ಮೊದಲು ಒಂದು ಸಲ ಕೊಟ್ಟು ನೋಡೋಣ ಎಂದು ಅದಕ್ಕೇ ಆಂಪ್ಲಿಫೈಯರನ್ನು ಜೋಡಿಸಿ, ಕೆಂಪು ಟರ್ಮಿನಲ್‌ನಿಂದ ರಿಮೋಟ್ ಟರ್ಮಿನಲ್‌ಗೆ ಒಂದು ತುಂಡು ತಂತಿ ತಾಗಿಸಿದೆ.

ಹಸಿರು ದೀಪ ಹತ್ತಿತು.

ಮತ್ತೆ ಮಳೆಯಲ್ಲಿ ನೆನೆದು ಕಾರಿಗೆ ಕೂರಿಸಿದೆ. ಕತ್ತಲು. ತಂದು ಮೇಜಿನ ಮೇಲಿಟ್ಟೆ. ಹಸಿರು. ಮೂರನೇ ಸಲ ಹೊತ್ತುಕೊಂಡು ಹೊರಟಾಗ ಅಕ್ಕ ಅಡುಗೆಮನೆಯಿಂದಲೇ, "ಅದಕ್ಕೆ ಇಲ್ಲಿಯೇ ಇರಲು ಇಷ್ಟ ಇರಬೇಕು, ಬಿಟ್ಟುಬಿಡು" ಎಂದಳು.

ಅದೇ ದಿನ, ಊಟದ ನಂತರ

ಊಟಕ್ಕೆ ಕೂತಾಗ ಹೊಳೆಯಿತು, ನಾನು ಅಳೆದದ್ದು ಯಾವ ಹೊರೆಯೂ, ಅಂದರೆ ಕರೆಂಟು ಎಳೆಯುವ ಯಾವ ಸಾಮಾನೂ, ಇಲ್ಲದ ತಂತಿಯನ್ನು. ಈಗಿನ ಡಿಜಿಟಲ್ ಮೀಟರುಗಳ ಒಳಗಿನ ರೋಧ ಸಾಮಾನ್ಯವಾಗಿ 10 ಮೆಗಾ ಓಮ್. ವೋಲ್ಟ್ ಅಳೆಯುವಾಗ ಅವು ಎಳೆಯುವ ಕರೆಂಟು ಆಂಪಿಯರ್‌ನ ಹತ್ತು ಲಕ್ಷದ ಒಂದು ಪಾಲಿನಷ್ಟು. ದಾರಿಯಲ್ಲಿ ಎಲ್ಲಿಯೋ ತುಕ್ಕು ಹಿಡಿದು ಸಾವಿರ ಓಮ್ ಅಡ್ಡ ಬಂದಿದ್ದರೂ ಮೀಟರಿಗೆ ಕಾಣುವ ನಷ್ಟ ಒಂದು ಮಿಲಿವೋಲ್ಟ್ ಮಾತ್ರ. ನಲ್ಲಿಯ ಕೆಳಗೆ ಬೆರಳಿಟ್ಟು, ತೇವವಾಯಿತು, ಆದ್ದರಿಂದ ಬಾವಿಯಲ್ಲಿ ನೀರು ತುಂಬಿದೆ ಎಂದ ಹಾಗಾಯಿತು ನನ್ನ ಪರೀಕ್ಷೆ. ತಂತಿ ಕೂಡಿಕೊಂಡಿದ್ದರೆ ಮೀಟರ್ ಬೀಪ್ ಎನ್ನುವ ಪರೀಕ್ಷೆಯನ್ನೂ ನೆಚ್ಚುವಂತಿಲ್ಲ. ಎಷ್ಟೋ ಮೀಟರುಗಳು ಮೂವತ್ತು ಓಮ್ ಇದ್ದರೂ ಬೀಪ್ ಎನ್ನುತ್ತವೆ. ಹತ್ತಾರು ಆಂಪಿಯರ್ ಹೋಗಬೇಕಾದ ದಾರಿಯಲ್ಲಿ ಮೂವತ್ತು ಓಮ್ ಎಂದರೆ ಗೋಡೆಯೇ.

ಬೇಕಾದದ್ದು ಒಂದು ಬಲ್ಬು. ಮನೆಯಲ್ಲಿ 12 ವೋಲ್ಟ್‌ನ ಬಲ್ಬು ಇರಲಿಲ್ಲ, ಭಾನುವಾರ ಅಂಗಡಿ ಇಲ್ಲ. ಭಾವ ಒಳಗೆ ಊಟದ ನಂತರದ ನಿದ್ದೆಯಲ್ಲಿದ್ದರು. ಅವರ ಕಾರಿನ ಬಲಗಡೆಯ ಹಿಂದಿನ ಇಂಡಿಕೇಟರ್‌ನಿಂದಲೇ 21 ವ್ಯಾಟ್‌ನ ಕಿತ್ತಳೆ ಬಲ್ಬನ್ನು ತೆಗೆದು, ಬುಡಕ್ಕೊಂದು ಮೈಗೊಂದು ತಂತಿ ಬೆಸುಗೆ ಹಾಕಿಕೊಂಡೆ. ಈ ಬಲ್ಬು ಸುಮಾರು ಒಂದೂ ಮುಕ್ಕಾಲು ಆಂಪಿಯರ್ ಬೇಡುತ್ತದೆ. ಮೀಟರಿನ ಹಾಗೆ ಮುಲಾಜು ನೋಡುವ ಪೈಕಿ ಅಲ್ಲ.

ಕೆಂಪು ಮತ್ತು ಕಪ್ಪು ತುದಿಗಳ ನಡುವೆ ಬಲ್ಬು ಹಿಡಿದೆ. ಹತ್ತಲಿಲ್ಲ. ಬಲ್ಬು ಹಿಡಿದುಕೊಂಡೇ ಮೀಟರ್ ಇಟ್ಟರೆ, ಬೆಳಿಗ್ಗೆ 12.4 ತೋರಿಸಿದ್ದ ಅದೇ ಜಾಗದಲ್ಲಿ 0.06. ಕಪ್ಪನ್ನು ಬಿಟ್ಟು ಸೀಟ್‌ಬೆಲ್ಟಿನ ಬೋಲ್ಟಿಗೆ ತಾಗಿಸಿದೆ, ಆಗಲೂ ಹತ್ತಲಿಲ್ಲ. ಅಂದರೆ ಕಳ್ಳ ಇರುವುದು ಕೆಂಪು ತಂತಿಯಲ್ಲಿ.

ಬಲ್ಬನ್ನು ಡಿಕ್ಕಿಯಲ್ಲಿ ಹಾಗೆಯೇ ಕಟ್ಟಿಟ್ಟು ಬಾನೆಟ್ ಎತ್ತಿದೆ. ಹೊರೆ ಜೋಡಿಸಿಯೇ ಇರಬೇಕು, ಅದೇ ಇಲ್ಲಿಯ ಗುಟ್ಟು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಸಿಕ್ಕಿಸಿ, ಕೆಂಪು ಕಡ್ಡಿಯನ್ನು ಮುಂದಕ್ಕೆ ನಡೆಸಿಕೊಂಡು ಹೋದೆ. ಬ್ಯಾಟರಿ ಪಾಸಿಟಿವ್ 12.4. ಫ್ಯೂಸ್ ಹೋಲ್ಡರ್‌ಗೆ ಹೋಗುವ ಸ್ಕ್ರೂ 12.4. ಗಾಜಿನ ಫ್ಯೂಸಿನ ಆಚೆಯ ಟೋಪಿ 12.4. ಹೊರಬರುವ ಸ್ಕ್ರೂವಿನ ತಲೆ, ಅದೂ 12.4. ಅಲ್ಲಿಂದ ಎರಡು ಬೆರಳು ದೂರದಲ್ಲಿ ತಂತಿಯ ಪ್ಲಾಸ್ಟಿಕ್ಕಿಗೆ ಅಕ್ಕನ ಹೊಲಿಗೆ ಡಬ್ಬಿಯ ಗುಂಡುಸೂಜಿ ಚುಚ್ಚಿ ಅಳೆದೆ. 0.06.

ಎರಡು ಬೆರಳಿನ ಅಂತರದಲ್ಲಿ ಹನ್ನೆರಡು ವೋಲ್ಟ್ ಮಾಯ.

ಬ್ಯಾಟರಿಯ ನೆಗೆಟಿವ್ ಕಳಚಿ, ಹೋಲ್ಡರ್‌ನ ಸ್ಕ್ರೂ ಸಡಿಲಿಸಿದೆ. ತಂತಿ ತಾನಾಗಿ ಈಚೆ ಬಂತು, ಅದರ ಜೊತೆಗೆ ರವೆಯಂಥ ಬಿಳಿ ಪುಡಿಯೂ ಉದುರಿತು. ತುದಿಯ ಎಳೆಗಳಲ್ಲಿ ಹೆಚ್ಚಿನವು ಕರಗಿ ಹೋಗಿ, ಉಳಿದ ಮೂರು ನಾಲ್ಕು ಎಳೆ ಮುಟ್ಟಿದರೆ ಒಣಹುಲ್ಲಿನಂತೆ ಮುರಿಯುತ್ತಿದ್ದವು. ಬಾನೆಟ್‌ನ ಅಂಚಿನಿಂದ ನೀರು ತೊಟ್ಟಿಕ್ಕುವ ಸಾಲಿಗೆ ಸರಿಯಾಗಿ ಹೋಲ್ಡರನ್ನು ಕೂರಿಸಿದ್ದರು. ಇನ್ನೂ ಚೆನ್ನಾಗಿದ್ದ ಭಾಗದಿಂದ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಿಯ ಬಣ್ಣ. ತಾಮ್ರದ ಹೊದಿಕೆಯ ಅಲ್ಯೂಮಿನಿಯಂ. (ತವರ ಲೇಪಿಸಿದ ತಾಮ್ರದ ತಂತಿಯಲ್ಲಿ ಇದು ತಿರುಗುಮುರುಗು: ಮೇಲೆ ಬಿಳಿ, ಒಳಗೆ ಕೆಂಪು. ಅದು ಒಳ್ಳೆಯ ತಂತಿ, ಹೆದರಬೇಡಿ.)

ಈ ಅಲ್ಯೂಮಿನಿಯಂ ತಂತಿಯ ಬಗ್ಗೆ ನನಗೆ ಸಿಟ್ಟಿದೆ. ಅದರ ವಾಹಕತೆ ತಾಮ್ರದ್ದರ ನೂರಕ್ಕೆ ಅರವತ್ತರ ಆಸುಪಾಸು ಮಾತ್ರ ಎಂಬುದು ದೊಡ್ಡ ದೋಷವಲ್ಲ. ದಪ್ಪ ತಂತಿ ಹಾಕಿದರೆ ಮುಗಿಯಿತು. ಆದರೆ ಸ್ಕ್ರೂವಿನ ಒತ್ತಡಕ್ಕೆ ಅದು ಮೆಲ್ಲಗೆ ಹರಡಿಕೊಳ್ಳುತ್ತದೆ, ಬಿಗಿ ಸಡಿಲವಾಗುತ್ತದೆ. ತಾಮ್ರದ ಪದರ ಕಿತ್ತಲ್ಲಿ ನೀರು ಬಿದ್ದರೆ ಎರಡು ಲೋಹಗಳ ನಡುವೆ ಸಣ್ಣದೊಂದು ಬ್ಯಾಟರಿಯೇ ಹುಟ್ಟಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆಗ ಉಳಿಯುವ ಬಿಳಿ ಪುಡಿ ಕರೆಂಟನ್ನು ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಇಂಥ ತಂತಿ ಎಷ್ಟು ವರ್ಷ ಬಾಳುತ್ತದೋ, ನಮ್ಮ ಮಲೆನಾಡಿನ ನಾಲ್ಕು ತಿಂಗಳ ಮಳೆಗೆ ತಕ್ಕದ್ದಂತೂ ಅಲ್ಲ.

ಸೋಮವಾರ ಸಂಜೆ ಪೇಟೆಯಿಂದ 10 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಐದು ಮೀಟರ್ ತಂದು, ಎರಡೂ ತುದಿಗೆ ಉಂಗುರದ ಲಗ್ ಕ್ರಿಂಪ್ ಮಾಡಿಸಿ, ಮೇಲೆ ಸ್ಲೀವ್ ಬಿಸಿ ಮಾಡಿ ಕೂರಿಸಿದೆ. ಹೊಸ ಹೋಲ್ಡರ್‌ಗೆ ನೀರು ಬೀಳದ ಜಾಗ ಹುಡುಕಿದೆ, ಆದರೆ ಬ್ಯಾಟರಿಯಿಂದ ಒಂದು ಮೊಳದೊಳಗೆ. ಫ್ಯೂಸ್ ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡು ತಗಡಿಗೆ ಉಜ್ಜಿ ಮೈ ಮುಟ್ಟಿದರೆ ಅದನ್ನು ಕಾಯುವವರಿಲ್ಲ. ಅರ್ತ್ ಬೋಲ್ಟಿನ ಕೆಳಗಿನ ಪೇಂಟನ್ನೂ ಮರಳುಕಾಗದದಿಂದ ಉಜ್ಜಿ ಲೋಹ ಕಾಣಿಸಿದೆ.

ಆಂಪ್ಲಿಫೈಯರ್ ಕೂರಿಸುವಾಗ ಅರ್ತ್ ಮೊದಲು, ಹಾಡು ತರುವ ಆರ್‌ಸಿಎ ತಂತಿ ಕೊನೆಗೆ. ಕೀಳುವಾಗ ಆರ್‌ಸಿಎ ಮೊದಲು, ಅರ್ತ್ ಕೊನೆಗೆ. ಅರ್ತ್ ಬಿಟ್ಟುಕೊಂಡಾಗ ಆರ್‌ಸಿಎ ಇದ್ದರೆ, ಆಂಪ್ಲಿಫೈಯರ್‌ನ ಕರೆಂಟೆಲ್ಲ ಆ ತೆಳ್ಳಗಿನ ಜಾಲರಿಯ ಮೂಲಕ ಸ್ಟೀರಿಯೊಗೆ ನುಗ್ಗಿ ಅದರ ಒಳಗಿನ ಸಣ್ಣ ಅರ್ತ್ ದಾರಿಯನ್ನು ಸುಡಬಹುದು. ಆಮೇಲೆ ಎಂಜಿನ್ ವೇಗ ಹೆಚ್ಚಿದಂತೆ ಸ್ಪೀಕರಿನಲ್ಲಿ ಕೀಂ ಎನ್ನುವ ಸದ್ದು ಕಾಯಂ.

ಹಸಿರು ದೀಪ ಹತ್ತಿತು, ಹಾಡೂ ಬಂತು. ಭಾವ ಧ್ವನಿ ಏರಿಸಿಕೊಂಡು ಗೇಟು ದಾಟಿದರು.

ಹದಿನೈದು ದಿನ ಬಿಟ್ಟು

ಶಿವಮೊಗ್ಗಕ್ಕೆ ಹೋಗಿ ಬರುವಾಗ ಆನಂದಪುರ ದಾಟುವಷ್ಟರಲ್ಲಿ ಮತ್ತೆ ನಿಂತಿತಂತೆ. "ಈ ಸಲ ಸ್ವಲ್ಪ ವಾಸನೆಯೂ ಬಂತು" ಎಂದರು ಭಾವ.

ಈ ಸಲ ತಂತಿಯ ತುದಿಯಲ್ಲಿ ಬಲ್ಬು ಝಗ್ಗನೆ ಹತ್ತಿತು. ಹಳದಿ ಫ್ಯೂಸುಗಳ ಒಳಗೆ ಮಾತ್ರ ಕಪ್ಪು ಮಸಿ. ಆಂಪ್ಲಿಫೈಯರನ್ನು ಮೇಜಿಗೆ ತಂದು, ಫ್ಯೂಸಿನ ಜಾಗಕ್ಕೆ ಅಡ್ಡತಂತಿ ಕೊಟ್ಟು, ಬ್ಯಾಟರಿಯ ಸಾಲಿನಲ್ಲಿ ಅದೇ 21 ವ್ಯಾಟ್ ಬಲ್ಬನ್ನು ನಡುವೆ ಹಾಕಿದೆ. ರಿಮೋಟ್ ಕೊಟ್ಟೇ ಇಲ್ಲ, ಬಲ್ಬು ಪೂರ್ತಿ ಬೆಳಗಿತು. ಒಳಗೆ ಶಾರ್ಟ್ ಇದೆ ಎನ್ನಲು ಇನ್ನು ಸಾಕ್ಷಿ ಬೇಡ. ಹೀಗೆ ನಡುವೆ ಬಲ್ಬು ಇದ್ದರೆ ಎಂಥ ಶಾರ್ಟ್ ಆದರೂ ಹರಿಯುವುದು ಎರಡು ಆಂಪಿಯರ್‌ಗಿಂತ ಕಡಿಮೆ. ಫ್ಯೂಸ್ ಮೇಲೆ ಫ್ಯೂಸ್ ಸುಡುವುದು ತಪ್ಪುತ್ತದೆ.

ಇಂಥ ಆಂಪ್ಲಿಫೈಯರ್‌ಗಳ ಒಳಗೆ ಎರಡು ಮನೆ. ಒಂದರಲ್ಲಿ 12 ವೋಲ್ಟನ್ನು ಕತ್ತರಿಸಿ ಕತ್ತರಿಸಿ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟು, ಆಚೆ ಕಡೆ ಪ್ಲಸ್ ಮೈನಸ್ ಮೂವತ್ತರ ಆಸುಪಾಸಿನ ವೋಲ್ಟ್ ಮಾಡಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಆ ವೋಲ್ಟಿನಿಂದ ಸ್ಪೀಕರ್ ಓಡಿಸುತ್ತಾರೆ. ಕತ್ತರಿಸುವ ಕೆಲಸ ಸ್ವಿಚ್ಚಿನಂತೆ ಕರೆಂಟನ್ನು ಬಿಟ್ಟು ತಡೆಯುವ ಮಾಸ್‌ಫೆಟ್‌ಗಳದ್ದು, ಅವಕ್ಕೆ ತಾಳ ಹಾಕುವುದು ಟಿಎಲ್494 ಎಂಬ ಹದಿನಾರು ಕಾಲಿನ ಐಸಿ. ಇಲ್ಲಿ ಐಆರ್‌ಎಫ್‌ಝೆಡ್44ಎನ್ ಎಂಬ ನಂಬರಿನ ಮಾಸ್‌ಫೆಟ್ ನಾಲ್ಕು ಇದ್ದವು, ಎರಡೆರಡರ ಜೋಡಿ.

ತಳದ ತಗಡು ತೆಗೆದಾಗ ಮೊದಲು ಕಂಡದ್ದು ಮಾಸ್‌ಫೆಟ್‌ಗಳನ್ನು ಅಲ್ಯೂಮಿನಿಯಂ ಮೈಗೆ ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿ. ಅದರ ಒಂದು ಸ್ಕ್ರೂ ಬೆರಳಿನಲ್ಲೇ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು. ತೂತಿನೊಳಗೆ ಸ್ಕ್ರೂ ಕಚ್ಚಿಕೊಳ್ಳುವ ಮರೆ ಸವೆದು ಹೋಗಿತ್ತು. ಆ ತುದಿಯ ಎರಡು ಮಾಸ್‌ಫೆಟ್‌ಗಳ ಕೆಳಗೆ ಬಿಳಿ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಒಂದು ಹಾಳೆ ಕಾಗದ ತೂರುವಷ್ಟು ಸಂದು. ಶಾಖ ಹೋಗಲು ದಾರಿಯಿರಲಿಲ್ಲ. ಹಳೆಯ ತಂತಿ ಇದ್ದಷ್ಟು ಕಾಲ ಕರೆಂಟೇ ಸರಿಯಾಗಿ ಬರದೆ ಇವು ಬದುಕಿಕೊಂಡಿದ್ದವು. ನಾನು ಹೊಟ್ಟೆ ತುಂಬ ಉಣ್ಣಿಸಿದೆ, ಭಾವ ಎರಡು ಗಂಟೆ ಜೋರಾಗಿ ಓಡಿಸಿದರು.

ಮಾಸ್‌ಫೆಟ್‌ನ ಮೂರು ಕಾಲುಗಳಲ್ಲಿ ಎಡದ್ದು ಗೇಟ್, ನಡುವಿನದು ಡ್ರೇನ್, ಬಲದ್ದು ಸೋರ್ಸ್. ಗೇಟ್ ಹೇಳಿದಾಗ ಮಾತ್ರ ಉಳಿದೆರಡರ ನಡುವೆ ಕರೆಂಟು ಹರಿಯಬೇಕು. ಸಡಿಲ ತುದಿಯ ಜೋಡಿಯಲ್ಲಿ ಡ್ರೇನ್‌ನಿಂದ ಸೋರ್ಸ್‌ಗೆ 0.2 ಓಮ್. ಜೋಡಿಯಾಗಿ ಇರುವುದರಿಂದ ಬೋರ್ಡಿನ ಮೇಲೆ ಎರಡೂ ಸತ್ತಂತೆಯೇ ಕಾಣುತ್ತವೆ. ಬಿಚ್ಚಿ ಅಳೆದಾಗ ಸತ್ತದ್ದು ಒಂದೇ. ಆದರೂ ನಾಲ್ಕನ್ನೂ ಬದಲಿಸುವುದೇ ಸರಿ. ಹಳತು ಹೊಸತು ಬೆರೆತರೆ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ. ಸತ್ತದ್ದರ ಗೇಟಿನ 47 ಓಮ್‌ನ ರೆಸಿಸ್ಟರ್ ಕೂಡ ಸುಟ್ಟು ಬಾಯಿ ತೆರೆದಿತ್ತು. ಆಚೆ ಮನೆಯ ರೆಕ್ಟಿಫೈಯರ್ ಡಯೋಡುಗಳನ್ನೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನೂ ಒಂದೊಂದಾಗಿ ನೋಡಿದೆ, ಶಾರ್ಟ್ ಇರಲಿಲ್ಲ. ಇದನ್ನು ನೋಡದೆ ಹೊಸ ಮಾಸ್‌ಫೆಟ್ ಹಾಕಿದರೆ ಅವೂ ಹಳೆಯವುಗಳ ದಾರಿಯನ್ನೇ ಹಿಡಿಯಬಹುದು.

ನಾಲ್ಕೂ ತೆಗೆದ ಖಾಲಿ ಬೋರ್ಡಿಗೆ ಬಲ್ಬಿನ ಮೂಲಕವೇ ಕರೆಂಟು ಕೊಟ್ಟು, ರಿಮೋಟ್ ತಾಗಿಸಿ, ಟಿಎಲ್494ರ ಕಾಲುಗಳನ್ನು ನೋಡಿದೆ. 12ನೇ ಕಾಲಿನಲ್ಲಿ ಬ್ಯಾಟರಿ ವೋಲ್ಟ್. 14ರಲ್ಲಿ ನೆಟ್ಟಗೆ 5 ವೋಲ್ಟ್. ಇದು ಐಸಿ ತಾನೇ ಮಾಡಿಕೊಳ್ಳುವ ಅಳತೆಗೋಲು, ಇದಿದ್ದರೆ ಐಸಿ ಬದುಕಿದೆ ಎಂದು ನಂಬಬಹುದು. 4ನೆಯದು ಸೊನ್ನೆಯ ಹತ್ತಿರ. ಅದು ಮೇಲೆ ನಿಂತುಬಿಟ್ಟಿದ್ದರೆ ಐಸಿ ತಾಳ ಹಾಕುವುದನ್ನೇ ನಿಲ್ಲಿಸುತ್ತದೆ. ರೆಸಿಸ್ಟರ್ ಬದಲಿಸಿದ ಮೇಲೆ ನಾಲ್ಕೂ ಗೇಟ್‌ಗಳ ಜಾಗದಲ್ಲಿ ಡಿಸಿ ಅಳತೆ ಐದು ವೋಲ್ಟಿನ ಆಸುಪಾಸು, ಎರಡೂ ಕಡೆ ಸಮ. ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ನನ್ನಲ್ಲಿಲ್ಲ. ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರುವ ಚೌಕ ಅಲೆಯ ಸರಾಸರಿ ಅರ್ಧದ ಹತ್ತಿರ ಬರುತ್ತದೆ ಎಂಬ ಲೆಕ್ಕ ಸಾಕಾಯಿತು.

ಮಾಸ್‌ಫೆಟ್‌ಗಳನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದೆ, ಹೇಗೂ ಬೇರೆ ಕೆಲಸಕ್ಕೆ ಹೋಗಿದ್ದೆ. ಈ ನಂಬರಿನಲ್ಲಿ ನಕಲಿ ಬಹಳ. ಬೇರೆ ಬೇರೆ ಎರಡು ಅಂಗಡಿಗಳಿಂದ ಆರಾರು ಕೊಂಡು, ಮನೆಯಲ್ಲಿ ಹತ್ತಿಗೆ ಥಿನ್ನರ್ ಅದ್ದಿ ಮೇಲಿನ ಬರಹ ಉಜ್ಜಿದೆ. ಒಂದು ಗುಂಪಿನ ಅಕ್ಷರ ಹತ್ತಿಗೇ ಬಂತು. ಇನ್ನೊಂದು ಗುಂಪಿನವನ್ನು ಸಣ್ಣ ಕಾಂಪೊನೆಂಟ್ ಟೆಸ್ಟರಿನಲ್ಲಿ ಇಟ್ಟೆ: ಗೇಟ್ ತೆರೆಯುವ ವೋಲ್ಟ್ ಆರಕ್ಕೂ ಹೆಚ್ಚು ಕಡಿಮೆ ಒಂದೇ, ಕಂಪನಿಯ ಹಾಳೆ ಹೇಳುವ 2ರಿಂದ 4ರ ನಡುವೆ. ಅದರಲ್ಲಿ ನಾಲ್ಕನ್ನು ಹಾಕಿದೆ. ಹೊಸ ಅಭ್ರಕದ ಹಾಳೆ, ಎರಡೂ ಬದಿಗೆ ತೆಳ್ಳಗೆ ಪೇಸ್ಟ್. ಮರೆ ಸವೆದ ತೂತಿಗೆ ಒಂದು ಅಳತೆ ದೊಡ್ಡ ಟ್ಯಾಪ್ ಹಾಕಿಸಿ ದಪ್ಪ ಸ್ಕ್ರೂ. ಮಾಸ್‌ಫೆಟ್‌ನ ಬೆನ್ನಿಗೂ ಪೆಟ್ಟಿಗೆಯ ಮೈಗೂ ಸಂಪರ್ಕವಿಲ್ಲ ಎಂದು ಖಚಿತ ಮಾಡಿಕೊಂಡೆ.

ಮೊದಲ ಹಚ್ಚುವಿಕೆ ಮತ್ತೆ 21 ವ್ಯಾಟ್‌ನ ಮೂಲಕ, ರಿಮೋಟ್ ಇಲ್ಲದೆ. ಬಲ್ಬು ಒಮ್ಮೆ ಮಿಂಚಿ ಆರಿತು. ಕೆಪಾಸಿಟರ್ ತುಂಬಿಕೊಂಡ ಗುರುತು. ಆಮೇಲೆ ಮೆಕ್ಯಾನಿಕ್ ಕೊಟ್ಟಿದ್ದ, ಒಂದು ಫಿಲಮೆಂಟ್ ಸತ್ತ ಹೆಡ್‌ಲೈಟ್ ಬಲ್ಬಿನ ಉಳಿದ 55 ವ್ಯಾಟ್‌ನ ಫಿಲಮೆಂಟನ್ನು ಅದರ ಜಾಗಕ್ಕೆ ಹಾಕಿ ರಿಮೋಟ್ ತಾಗಿಸಿದೆ. 21 ವ್ಯಾಟೇ ಇದ್ದಿದ್ದರೆ ಆಂಪ್ಲಿಫೈಯರ್‌ಗೆ ಬೇಕಾದ ವೋಲ್ಟನ್ನು ಅದೇ ನುಂಗುತ್ತಿತ್ತು. ಬಲ್ಬು ಪಕ್ಕನೆ ಬೆಳಗಿ, ಕುಗ್ಗಿ, ಕತ್ತಲಲ್ಲಿ ಕಂಡೂ ಕಾಣದ ಬೀಡಿಯ ಕಿಡಿಯಷ್ಟು ಕೆಂಪಿಗೆ ಇಳಿಯಿತು. ಹಸಿರು ದೀಪ ಹತ್ತಿತು. ಹತ್ತು ನಿಮಿಷ ಹಾಗೆಯೇ ಬಿಟ್ಟು ಮಾಸ್‌ಫೆಟ್‌ಗಳ ಮೇಲೆ ಬೆರಳಿಟ್ಟೆ. ನಾಲ್ಕೂ ಒಂದೇ ರೀತಿ ಬೆಚ್ಚಗೆ.

ಕಾರಿಗೆ ಕೂರಿಸಿದ ದಿನ ಭಾವ ಸೀಟಿನಲ್ಲಿ ಕೂತು ಒಂದು ಇಡೀ ಹಾಡು ಕೇಳಿದರು, ಮಾತಿಲ್ಲ. ಆಮೇಲೆ ಧ್ವನಿ ತಗ್ಗಿಸಿ, "ಇನ್ನೊಂದು ಇದೆ ಮಾರಾಯ" ಎಂದರು. "ಹಾಡು ಇರುವಾಗ ಗೊತ್ತಾಗಿರಲಿಲ್ಲ. ನಿಂತ ಮೇಲೆ ಕೇಳಿಸುತ್ತಿದೆ. ಬಲಕ್ಕೆ ಇಂಡಿಕೇಟರ್ ಹಾಕಿದರೆ ಟಿಕ್ಕಟಿಕ್ಕ ಅಂತ ಓಡುತ್ತದೆ. ಎಡಕ್ಕೆ ಹಾಕಿದರೆ ಸರಿ. ನೀನು ಹೊಸ ತಂತಿ ಎಳೆದ ಮೇಲೆಯೇ ಶುರುವಾದದ್ದು. ಎಲ್ಲಿಯೋ ಶಾರ್ಟ್ ಆಗಿರಬಹುದೇ?"

ನಾನು "ನೋಡುತ್ತೇನೆ ಭಾವ" ಎಂದು ಒಳಗೆ ಹೋದೆ. ಮೇಜಿನ ಮೇಲೆ, ಬೆನ್ನಿಗೆ ಎರಡು ತಂತಿ ಅಂಟಿಸಿಕೊಂಡು, ಕಿತ್ತಳೆ ಬಲ್ಬು ಕೂತಿತ್ತು.